ತಲೆ ಎಣಿಸುವವಳು

ಬ್ರೆಂಡಾ ಸ್ಟಾಥರ್ಸ್ ಹೋದ ತಿಂಗಳು ತೀರಿಕೊಂಡಳು. ಇಂಗ್ಲೆಂಡಿನ ಹಲ್ ನಗರದ ಕಾಲೇಜಿನ ಯೋಜನಾ ಕಚೇರಿಯಲ್ಲಿ ಇಪ್ಪತ್ತಾರು ವರ್ಷ ದುಡಿದವಳು. ಅವಳ ಹುದ್ದೆಗೆ ಉದ್ದನೆಯ ಹೆಸರಿತ್ತು. ಜನ ಮಾತ್ರ ‘ತಲೆ ಎಣಿಸುವವಳು’ ಎನ್ನುತ್ತಿದ್ದರು.

ಶಾಲೆಯಲ್ಲಿ ಹಿಂದೆ ಬಿದ್ದವರು, ಕೈಕೆಲಸ ಕಲಿಯಬೇಕೆಂದವರು, ನಡುವಯಸ್ಸಿನಲ್ಲಿ ಮತ್ತೆ ಪುಸ್ತಕ ಹಿಡಿದವರು ಬರುವ ಕಾಲೇಜು ಅದು. ಬ್ರೆಂಡಾ ಕೂಡ ಹಾಗೇ ಬಂದವಳು. ಕಾರ್ಖಾನೆಯಲ್ಲಿ ಹದಿನಾಲ್ಕು ವರ್ಷ ಮೀನು ಸೀಳಿ, ಮೂವತ್ತೊಂದನೇ ವಯಸ್ಸಿಗೆ ಗಣಿತದ ತರಗತಿ ಸೇರಿದಳು. ಮೈಗೆ ಮೀನಿನ ವಾಸನೆ ಇರಬಹುದೆಂದು ಮೊದಲ ದಿನ ಕಿಟಕಿ ತೆರೆದಿಟ್ಟು ಅದರ ಪಕ್ಕದಲ್ಲೇ ನಡುಗುತ್ತ ಕುಳಿತಿದ್ದಳಂತೆ. ಮೂರು ವರ್ಷದ ನಂತರ ಅದೇ ಕಾಲೇಜಿನಲ್ಲಿ ಗುಮಾಸ್ತೆಯಾದಳು. ಅಂಕಿಗಳು ತನಗೆ ಎಂದೂ ಮೋಸ ಮಾಡಿಲ್ಲ ಎಂದು ಹೇಳುತ್ತಿದ್ದಳು. ಮನುಷ್ಯರ ಬಗ್ಗೆ ಹಾಗೆ ಹೇಳಿದ್ದನ್ನು ಯಾರೂ ಕೇಳಿಲ್ಲ.

ಐದು ವರ್ಷಕ್ಕೊಮ್ಮೆ ಕಾಲೇಜು ಮುಂದಿನ ಐದು ವರ್ಷದ ಯೋಜನೆ ಬರೆಯುತ್ತದೆ: ಯಾವ ಕೋರ್ಸು ಉಳಿಯಬೇಕು, ಯಾವ ಕಟ್ಟಡ ಮುಚ್ಚಬೇಕು. ಅದಕ್ಕೂ ಮೊದಲು ಒಂದು ವಾರ ಎಣಿಕೆ. ಪ್ರತಿ ಗಂಟೆಯೂ ಬ್ರೆಂಡಾ ರಟ್ಟಿನ ಹಲಗೆ ಹಿಡಿದು ಕೊಠಡಿಯಿಂದ ಕೊಠಡಿಗೆ ಹೋಗಿ, ಬಾಗಿಲಲ್ಲಿ ನಿಂತು ಒಳಗಿರುವ ತಲೆಗಳನ್ನು ಎಣಿಸಿ ಬರೆದುಕೊಳ್ಳುತ್ತಿದ್ದಳು. ಅದು ಯಾವ ವಾರವೆಂದು ಅವಳೊಬ್ಬಳಿಗೇ ಗೊತ್ತು. ಈ ಗುಟ್ಟಿನ ನಿಯಮ ತಂದವಳೂ ಅವಳೇ. ಮೊದಲೆಲ್ಲ ಮುಂಚಿತವಾಗಿ ತಿಳಿಸುತ್ತಿದ್ದಾಗ, ಕೂದಲು ಕತ್ತರಿಸುವುದನ್ನು ಕಲಿಸುವ ಮೇಡಂ ತಮ್ಮ ಮೂವರು ಚಿಕ್ಕಮ್ಮಂದಿರನ್ನು ತಂದು ಕೂರಿಸಿದ್ದರು. ಅಡುಗೆ ಕೊಠಡಿಯಲ್ಲಿ ಬಿಳಿ ಟೋಪಿ ಹಾಕಿಕೊಂಡು ಈರುಳ್ಳಿ ಹೆಚ್ಚುತ್ತಿದ್ದವನು ಆ ಬೀದಿಯ ಅಂಚೆಯವನು.

ಅಲ್ಲಿ ಅವಳಿಗೆ ಅತಿ ಹತ್ತಿರದವನೆಂದರೆ ಗಾರೆ ಕೆಲಸ ಕಲಿಸುತ್ತಿದ್ದ ಕ್ಲೈವ್ ಬ್ಲಾಂಚರ್ಡ್. ಅವನ ಶೆಡ್ಡಿನಲ್ಲಿ ಗೋಡೆ ಕಟ್ಟುವುದು ಬೇಗ ಗಟ್ಟಿಯಾಗದ, ಸಿಮೆಂಟ್ ಹಾಕದ ಸುಣ್ಣ ಮರಳಿನ ಗಾರೆಯಲ್ಲಿ. ಕಟ್ಟಿದ್ದಕ್ಕೆ ಶುಕ್ರವಾರ ಅಂಕ ಕೊಟ್ಟು, ಕೆಡವಿ, ಇಟ್ಟಿಗೆ ಕೆರೆದು, ಅವುಗಳಲ್ಲೇ ಮತ್ತೆ ಕಟ್ಟಿಸುತ್ತಿದ್ದ.

ಅಕ್ಟೋಬರಿನ ಒಂದು ಮಧ್ಯಾಹ್ನ ಕ್ಯಾಂಟೀನಿನಲ್ಲಿ ಆಲೂಗಡ್ಡೆ ಚಿಪ್ಸಿಗೆ ವಿನಿಗರ್ ಸುರಿದುಕೊಳ್ಳುತ್ತ ಅವನು ಹೇಳಿದ: “ನವೆಂಬರ್ ಎರಡನೇ ವಾರ ಹುಡುಗ್ರನ್ನ ಹೊರಗೆ ಕರ್ಕೊಂಡು ಹೋಗ್ತೀನಿ. ವೃದ್ಧಾಶ್ರಮದೋರು ತಮ್ಮ ತೋಟಕ್ಕೆ ಒಂದು ಗೋಡೆ ಕಟ್ಕೊಡಿ ಅಂದ್ರು. ಮೂವತ್ತು ವರ್ಷದಲ್ಲಿ ನಾನು ಕಲ್ಸಿದ ಒಂದು ಗೋಡೆನೂ ಶುಕ್ರವಾರ ದಾಟಿಲ್ಲ ಕಣೆ. ಇದಾದ್ರೂ ನಿಲ್ಲಲಿ.”

ಎಣಿಕೆಯ ವಾರ ಅದೇ. ಬ್ರೆಂಡಾ ಚಹಾದ ಲೋಟ ಕೆಳಗಿಟ್ಟಳು.

“ಯಾಕೆ ಮುಖ ಹಾಗ್ಮಾಡ್ಕೊಂಡೆ? ಎಣಿಕೆನಾ ಆವಾಗ? ಹೇಳ್ಬಿಡೇ ಮಾರಾಯ್ತಿ.”

“ನಿಂಗೆ ಹೇಳಿದ್ರೆ ಎಲ್ರಿಗೂ ಹೇಳ್ಬೇಕು.”

“ಪಾದ್ರಿ ಹತ್ರನಾದ್ರೂ ಬಾಯಿ ಬಿಡಿಸ್ಬಹುದು, ನಿನ್ನ ಹತ್ರ ಆಗಲ್ಲ ಬಿಡು,” ಎಂದು ನಕ್ಕು ಅವಳ ತಟ್ಟೆಯಿಂದಲೂ ಎರಡು ಚಿಪ್ಸ್ ಎತ್ತಿಕೊಂಡ.

ಅಂಕಿಯ ಪಕ್ಕದಲ್ಲಿ ಒಂದು ಟಿಪ್ಪಣಿ ಬರೆದರಾಯಿತು, ಓದಿದವರಿಗೆ ಅರ್ಥವಾಗುತ್ತದೆ ಎಂದು ಅವಳು ನಂಬಿದಳು. ಐದೂ ದಿನ, ಪ್ರತಿ ಗಂಟೆಯೂ ಖಾಲಿ ಶೆಡ್ಡಿನ ಬಾಗಿಲಿಗೆ ಹೋಗಿ ನಿಂತಳು. ನಲವತ್ತು ಸೊನ್ನೆ ಬರೆದಳು. ನಲವತ್ತು ಸಲವೂ ಪಕ್ಕದಲ್ಲಿ ಬರೆದಳು: ‘ಹನ್ನೊಂದು ಜನ, ಹೊರಗಿನ ಕೆಲಸದಲ್ಲಿದ್ದಾರೆ.’

ಲಂಡನ್ನಿನಿಂದ ಬಂದ ಸಲಹೆಗಾರರು ಆ ಹಾಳೆಗಳನ್ನು ಬಣ್ಣದ ಚೌಕಗಳಾಗಿ ಮಾಡಿದರು: ತುಂಬಿದ ಕೊಠಡಿಗೆ ಹಸಿರು, ಖಾಲಿ ಕೊಠಡಿಗೆ ಕೆಂಪು. ಚೌಕದಲ್ಲಿ ಮಾತಿಗೆ ಜಾಗವಿರಲಿಲ್ಲ. ಶೆಡ್ಡು ಕೆಂಪಾಯಿತು. ಕೆಂಪು ಬಂದವನ್ನು ಮುಚ್ಚುವುದೆಂದು ಯೋಜನೆಯಲ್ಲಿ ಬರೆದರು.

ಬ್ರೆಂಡಾ ಹಾಳೆಗಳನ್ನೆಲ್ಲ ಹೊತ್ತುಕೊಂಡು ಪ್ರಿನ್ಸಿಪಾಲ್ ಗಿಲಿಯನ್ ಹತ್ತಿರ ಹೋದಳು. ಆಕೆ ಕೆಟ್ಟವಳಲ್ಲ. ಕುರ್ಚಿ ಎಳೆದುಕೊಟ್ಟಳು, ಎಲ್ಲವನ್ನೂ ಓದಿದಳು.

“ನಿಜ ಬ್ರೆಂಡಾ, ಅನ್ಯಾಯಾನೇ. ಆದ್ರೆ ಇವ್ರಿಗೊಂದು ವಿನಾಯ್ತಿ ಕೊಟ್ರೆ ನಾಳೆ ಕೆಂಪು ಬಂದೋರೆಲ್ಲ ಒಂದೊಂದು ಕಾರಣ ಹಿಡ್ಕೊಂಡು ಬರ್ತಾರೆ. ಎಣಿಸಿದ್ದು ಎಣಿಸಿದ್ದೇ ಅಂತ ನೀವೇ ಅಲ್ವಾ ನಮಗೆಲ್ಲ ಕಲಿಸಿದ್ದು?”

ಬ್ರೆಂಡಾ ಹಾಳೆಗಳನ್ನು ಜೋಡಿಸಿಕೊಂಡು ಎದ್ದಳು.

ಜೂನಿನಲ್ಲಿ ಶೆಡ್ಡು ಮುಚ್ಚಿತು. ಕೋರ್ಸು ಮುಗಿಸಬೇಕೆಂದರೆ ನದಿಯಾಚೆಯ ಊರಿಗೆ ಎರಡು ಬಸ್ಸು ಹಿಡಿಯಬೇಕು. ಹನ್ನೊಂದು ಜನರಲ್ಲಿ ಇಬ್ಬರು ಹೋದರು. ಕ್ರಿಸ್‌ಮಸ್ ಹೊತ್ತಿಗೆ ಒಬ್ಬ ಉಳಿದ. ಕ್ಲೈವ್ ಪಾರ್ಸೆಲ್ ಹಂಚುವ ವ್ಯಾನ್ ಓಡಿಸತೊಡಗಿದ. ಬ್ರೆಂಡಾ ಅವಧಿಗೆ ಮೊದಲೇ ನಿವೃತ್ತಿ ಪಡೆದಳು. ಬೀಳ್ಕೊಡುಗೆಗೆ ಕೊಟ್ಟ ಕೇಕನ್ನು ಬಸ್ ನಿಲ್ದಾಣದಲ್ಲೇ ಯಾರಿಗೋ ಕೊಟ್ಟುಬಿಟ್ಟಳು.

ಅವಳ ಹೊಟ್ಟೆಯೊಳಗಿನ ಗಡ್ಡೆ ಗೊತ್ತಾಗುವ ಹೊತ್ತಿಗೆ ಕತ್ತರಿಸುವ ಹಂತ ದಾಟಿತ್ತು. ಈ ವರ್ಷದ ವಸಂತದಲ್ಲಿ ಒಂದು ದಿನ ಅವಳ ಬಾಗಿಲು ತಟ್ಟಿದವನು ಕ್ಲೈವ್. ಕೈಯಲ್ಲಿ, ಮನೆಯಲ್ಲಿಲ್ಲದ ಪಕ್ಕದವರಿಗೆ ಬಂದ ಪಾರ್ಸೆಲ್ ಪೆಟ್ಟಿಗೆ. ಎರಡು ವರ್ಷದಿಂದ ಅವರು ಭೇಟಿಯಾಗಿರಲಿಲ್ಲ. ಅವಳ ಮೈ ಇಳಿದಿದ್ದು ನೋಡಿ ಅವನು ಪೆಟ್ಟಿಗೆಯನ್ನು ತಾನೇ ಒಳಗಿಟ್ಟ. ಸಹಿ ಹಾಕಿಸಿಕೊಂಡು ಮೆಟ್ಟಿಲಿಳಿದವನು ತಿರುಗಿ ನಿಂತ.

“ಬ್ರೆಂಡಾ, ಒಂದು ಕೇಳ್ಲಾ? ಆವತ್ತು ಕ್ಯಾಂಟೀನಲ್ಲಿ ನೀನು ‘ಬೇಡ ಕಣೋ, ಮುಂದಿನ ವಾರ ಹೋಗು’ ಅಂದಿದ್ರೆ ಶೆಡ್ಡು ಉಳೀತಿತ್ತಾ?”

ಆ ಲೆಕ್ಕವನ್ನು ಅವಳು ಮೊದಲೇ ಮಾಡಿ ನೋಡಿದ್ದಳು. ಹನ್ನೊಂದು ತಲೆ, ಐದು ದಿನ. ಚೌಕ ಹಸಿರಾಗಿರುತ್ತಿತ್ತು.

“ಉಳೀತಿತ್ತು,” ಎಂದಳು.

ಕ್ಲೈವ್ ತಲೆಯಾಡಿಸಿದ. “ಈಗಲಾದ್ರೂ ಒಂದು ಸುಳ್ಳು ಹೇಳ್ಬಾರ್ದಿತ್ತಾ ತಾಯಿ,” ಎಂದು ವ್ಯಾನ್ ಹತ್ತಿದ.

ಆಸ್ಪತ್ರೆಯ ಹಾಸಿಗೆಯಲ್ಲಿ ನೋಡಲು ಬಂದವರಿಗೆ ಬ್ರೆಂಡಾ ಇದನ್ನು ಹೇಳಿದ್ದು ಒಂದೇ ಸಲ. ಅಳಲಿಲ್ಲ. ಅವನು ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ ಎಂದಷ್ಟೇ ಹೇಳಿ, ಮಗ್ಗುಲು ಬದಲಿಸಲು ನರ್ಸನ್ನು ಕರೆದಳು. ಮಣ್ಣಿಗೆ ಕ್ಲೈವ್ ಬರಲಿಲ್ಲ.