ನುಜತ್ ಮೇಡಂ ಒಳಗೆ ಬಿಡದ ನಿಘಂಟು

ದಾವಣಗೆರೆಯ ಆ ಪ್ಯಾರಾಮೆಡಿಕಲ್ ಕಾಲೇಜಿನಲ್ಲಿ ನವೆಂಬರ್ ಬಂತೆಂದರೆ ಮೈಕು ತಾನಾಗಿಯೇ ನುಜತ್ ಮೇಡಂ ಕೈಗೆ ಬರುತ್ತಿತ್ತು. ರಾಜ್ಯೋತ್ಸವದ ನಿರೂಪಣೆಗೆ ಬೇರೆ ಯಾರ ಹೆಸರನ್ನೂ ಯಾರೂ ಎತ್ತುತ್ತಿರಲಿಲ್ಲ. ಆಕೆಯ ಕೆಲಸ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುವುದು. ಆದರೆ ಒಂದು ಮಹಾಪ್ರಾಣವೂ ತಪ್ಪದ ಆಕೆಯ ಕನ್ನಡದ ಮುಂದೆ ಕನ್ನಡ ಮೇಷ್ಟರೇ ಬಾಯಿ ಬಿಡಲು ಹಿಂದೆ ಮುಂದೆ ನೋಡುತ್ತಿದ್ದರು. ಕಾರ್ಯಕ್ರಮ ಮುಗಿದ ಮೇಲೆ ಉಪ್ಪಿಟ್ಟಿನ ತಟ್ಟೆ ಹಿಡಿದು ಯಾರಾದರೊಬ್ಬರು ಬಂದು ಹೇಳಿಯೇ ಹೇಳುತ್ತಿದ್ದರು.

"ಏನ್ ಕನ್ನಡ ಮೇಡಂ ನಿಮ್ದು! ಗೊತ್ತೇ ಆಗಲ್ಲ ನೋಡ್ರಿ."

ಏನು ಗೊತ್ತಾಗಲ್ಲ ಎಂದು ಹೇಳಿದವರು ಬಿಡಿಸಿ ಹೇಳುತ್ತಿರಲಿಲ್ಲ, ಇವಳೂ ಕೇಳುತ್ತಿರಲಿಲ್ಲ. "ಥ್ಯಾಂಕ್ಸ್ ಸರ್" ಅಂದು ನಗುತ್ತಿದ್ದಳು. ಆ ಮಾತಿಗೆ ಒಳಗೊಳಗೇ ಹಿಗ್ಗುತ್ತಲೂ ಇದ್ದಳು, ಸುಳ್ಳು ಯಾಕೆ ಹೇಳಬೇಕು.

ಆ ಕನ್ನಡ ಪುಕ್ಕಟೆ ಬಂದದ್ದಲ್ಲ. ಆನೆಕೊಂಡದ ಅವರ ಓಣಿಯ ಹುಡುಗಿಯರೆಲ್ಲ ಉರ್ದು ಶಾಲೆಗೆ ಹೋಗುತ್ತಿದ್ದಾಗ, ತಗಡಿನ ಟ್ರಂಕು ಮಾಡುತ್ತಿದ್ದ ಅಪ್ಪ ಮಕ್ತುಮ್ ಸಾಬ್ ಇವಳೊಬ್ಬಳನ್ನು ಕನ್ನಡ ಶಾಲೆಗೆ ಹಾಕಿದ್ದರು. ಅಲ್ಲಿ "ಹಣ" ಅನ್ನಲು ಹೋಗಿ "ಹನ" ಅಂದದ್ದಕ್ಕೆ ಇಡೀ ತರಗತಿ ನಕ್ಕಿತ್ತು. ಆವತ್ತು ಮನೆಗೆ ಬಂದು ಅತ್ತವಳು ಮತ್ತೆ ಅಂಥ ತಪ್ಪು ಮಾಡಲಿಲ್ಲ. ದೊಡ್ಡವಳಾದ ಮೇಲೂ ಅಷ್ಟೇ, ಕಾಲೇಜಿನ ಗೇಟು ದಾಟಿದರೆ ಉರ್ದು ಬಂದ್. ಅಮ್ಮ ಫೋನ್ ಮಾಡಿದರೂ ಕನ್ನಡದಲ್ಲೇ ಉತ್ತರ. "ನಿನ್ನ ಪಕ್ಕ ಯಾವ ಸಾಹೇಬ್ರು ಕೂತಾರೆ ಅಂತ ನನ್ನ ಹತ್ರ ಹಿಂಗ್ ಮಾತಾಡ್ತಿ?" ಎಂದು ಅಮ್ಮ ಉರ್ದುವಿನಲ್ಲೇ ಬೈದು ಫೋನಿಡುತ್ತಿದ್ದಳು.

ಹೀಗೆ ಗುಟ್ಟಾಗಿ, ಗಟ್ಟಿಯಾಗಿ ನಡೆದುಕೊಂಡು ಬಂದ ಬದುಕಿಗೆ ಬೀಗದ ಪರೀಕ್ಷೆ ಬಂದು ಗಂಟುಬಿತ್ತು.

ಬೀಗದ ಪರೀಕ್ಷೆ ಎಂಬುದು ಹುಡುಗರು ಇಟ್ಟ ಹೆಸರು. ಪ್ರಶ್ನೆಪತ್ರಿಕೆ ಕಂಪ್ಯೂಟರಿನಲ್ಲಿ ತೆರೆದುಕೊಂಡ ಕೂಡಲೇ ಉಳಿದದ್ದೆಲ್ಲ ಬೀಗ ಹಾಕಿಕೊಳ್ಳುತ್ತಿತ್ತು. ಗೂಗಲ್ ಇಲ್ಲ, ವಾಟ್ಸಾಪ್ ಇಲ್ಲ, ಬೇರೆ ಪುಟಕ್ಕೆ ಹೋಗಲು ದಾರಿಯೇ ಇಲ್ಲ. ಆದರೆ ಕಾಲೇಜು ಬೇಕೆಂದರೆ ಕೆಲವು ಪುಟಗಳನ್ನು ಮಾತ್ರ ಒಳಗೆ ಬಿಡಬಹುದಿತ್ತು. ಪರೀಕ್ಷೆಯ ಉಸ್ತುವಾರಿಯ ಕೊಟ್ಟೂರೇಶ್ ಸರ್ ಕೈ ಝಾಡಿಸಿಬಿಟ್ಟರು.

"ನನಗೇನ್ ತಿಳಿತೈತೆ ಮೇಡಂ ಇದ್ರಾಗ? ಮಕ್ಕಳಿಗೆ ಅನುಕೂಲ ಆಗೋದು ಯಾವ್ದು ಬಿಡ್ಬೇಕು, ನೀವೇ ನೋಡಿ ಬಿಡ್ರಿ."

ನುಜತ್ ರಕ್ತಪರೀಕ್ಷೆಯ ಸರಿಯಾದ ಪ್ರಮಾಣಗಳಿರುವ ಒಂದು ಪುಟವನ್ನು ಬಿಟ್ಟಳು. ಪ್ರಶ್ನೆಗಳು ಇಂಗ್ಲಿಷಿನಲ್ಲಿ, ಮಕ್ಕಳೆಲ್ಲ ಹತ್ತನೇ ಕ್ಲಾಸಿನವರೆಗೆ ಕನ್ನಡದಲ್ಲಿ ಓದಿ ಬಂದವರು ಎಂದು ಇಂಗ್ಲಿಷ್–ಕನ್ನಡ ನಿಘಂಟನ್ನೂ ಬಿಟ್ಟಳು. ಮಕ್ಕಳೆಲ್ಲ ಅಂದರೆ, ಒಬ್ಬಳನ್ನು ಬಿಟ್ಟು.

ಆ ಒಬ್ಬಳು ಹರಿಹರದ ಸಬಾ. ಮೊದಲ ವರ್ಷದವಳು, ಉರ್ದು ಶಾಲೆಯಿಂದ ನೇರ ಬಂದವಳು, ರಕ್ತ ತೆಗೆಯುವ ಸೂಜಿ ಹಿಡಿಯುವುದರಲ್ಲಿ ಜಾಣೆ. ಪರೀಕ್ಷೆಗೆ ಮುಂಚೆ ಲ್ಯಾಬಿನ ಬಾಗಿಲಲ್ಲಿ ನಿಂತು ಮೆಲ್ಲಗೆ ಉರ್ದುವಿನಲ್ಲೇ ಕೇಳಿದಳು, ಉರ್ದು ನಿಘಂಟೂ ಒಂದು ಇದ್ದರೆ ಚೆನ್ನಾಗಿತ್ತು ಅಂತ.

ಹಾಕಲು ಎಷ್ಟು ಹೊತ್ತು? ಆದರೆ ನುಜತ್‌ಳ ಕಿವಿಯಲ್ಲಿ ಆಗಲೇ ಸ್ಟಾಫ್ ರೂಮು ಮಾತಾಡುತ್ತಿತ್ತು. ಒಬ್ಬ ಹುಡುಗಿಗಾಗಿ ಹಾಕಿದರು. ಯಾರ ಹುಡುಗಿ? ಓ, ಅವರವರೇ ಅಲ್ವಾ. ಯಾರೂ ಅಂಥದ್ದು ಅಂದಿರಲಿಲ್ಲ. ಅಂದಾರು ಎಂಬ ದಿಗಿಲೇ ಸಾಕಾಯಿತು.

"ಆ ಸಾಫ್ಟ್‌ವೇರ್‌ಗೆ ಉರ್ದು ಅಕ್ಷರ ಹಿಡಿಸುವುದಿಲ್ಲಮ್ಮ" ಎಂದಳು, ಕನ್ನಡದಲ್ಲಿ.

"ಹೌದಾ ಮೇಡಂ" ಎಂದು ಸಬಾ ಹೋದಳು.

ಪರೀಕ್ಷೆಯ ದಿನ ಎಲ್ಲರ ಪರದೆಯೂ ನುಜತ್‌ಳ ಮೇಜಿನ ಮೇಲೆ ಸಣ್ಣಸಣ್ಣದಾಗಿ ಕಾಣುತ್ತಿತ್ತು. ಎಲ್ಲಕ್ಕಿಂತ ಹೆಚ್ಚು ಅಂಕದ ಪ್ರಶ್ನೆಯೊಂದಿತ್ತು. ಒಂದು ಟ್ಯೂಬಿನ ರಕ್ತ ಗಡ್ಡೆ ಕಟ್ಟಿದೆ, ಇನ್ನೊಂದರ ಮುಚ್ಚಳ ಬಿಚ್ಚಿದೆ, ಮತ್ತೊಂದು ಸರಿಯಾಗಿದೆ, ಯಾವುದನ್ನು ಡಿಸ್ಕಾರ್ಡ್ ಮಾಡುವಿರಿ, ಏಕೆ? ಲ್ಯಾಬಿನಲ್ಲಿ ಎಲ್ಲರೂ "ಬಿಸಾಕು" ಅನ್ನುವವರೇ, ಡಿಸ್ಕಾರ್ಡ್ ಅಂದವರಿಲ್ಲ. ಸಬಾ ಕನ್ನಡ ನಿಘಂಟು ತೆರೆದಳು. ಅದು ಕೊಟ್ಟದ್ದು ಒಂದೇ ಅರ್ಥ: ವರ್ಜಿಸು.

ಈ ಪದವನ್ನು ಯಾರು ಬಳಸುತ್ತಾರೆ ಸ್ವಾಮಿ ಈ ಕಾಲದಲ್ಲಿ? ಸಬಾ ಆ ಪುಟ ಮುಚ್ಚಿದಳು, ಮತ್ತೆ ತೆರೆದಳು, ಮತ್ತೆ ಮುಚ್ಚಿದಳು. ನುಜತ್ ಅದನ್ನು ನೋಡಿದಳು. ನೋಡಿ, ಎದ್ದು ಹೋಗಿ ಕಿಟಕಿಯ ಪರದೆ ಸರಿಮಾಡಿದಳು.

ಫಲಿತಾಂಶ ಬರುವ ಮುಂಚೆ ಕೊಟ್ಟೂರೇಶ್ ಸರ್ ಸ್ಟಾಫ್ ರೂಮಿನಲ್ಲಿ ಸಬಾಳ ಉತ್ತರ ಓದಿ ಹೊಟ್ಟೆ ಹಿಡಿದುಕೊಂಡು ನಕ್ಕರು. "ಇಲ್ಲಿ ನೋಡ್ರಿ, ಚಲೋ ಇರೋ ರಕ್ತಾನೇ ಆರಿಸ್ಯಾಳ. ಯಾಕ ಬಿಸಾಕ್ಬೇಕು ಅಂತ ಕೇಳಿದ್ರೆ ಅದರ ಬಣ್ಣ ಹೆಂಗೈತೆ, ಟ್ಯೂಬ್ ಎಷ್ಟು ಸ್ವಚ್ಛ ಐತೆ ಅಂತ ಪುಟಗಟ್ಟಲೆ ಬರ್ದಾಳ!"

ಎಲ್ಲರೂ ನಕ್ಕರು. ನುಜತ್‌ಗೆ ಮಾತ್ರ ತಟ್ಟನೆ ಹೊಳೆಯಿತು. ಉರ್ದು ಶಾಲೆಯ ಮಕ್ಕಳು ಕನ್ನಡ ಪ್ರಶ್ನೆಪತ್ರಿಕೆಯಲ್ಲಿ ಮತ್ತೆ ಮತ್ತೆ ಕಂಡ ಪದ "ವರ್ಣಿಸಿ". ಹುಡುಗಿ ವರ್ಜಿಸು ಎಂಬುದನ್ನು ವರ್ಣಿಸು ಎಂದು ಓದಿಕೊಂಡಿದ್ದಾಳೆ. ವರ್ಣಿಸು ಅಂದಿದ್ದಾರಲ್ಲ ಎಂದು ಇದ್ದುದರಲ್ಲಿ ಚೆಂದದ್ದನ್ನು ಆರಿಸಿ ಚೆಂದವಾಗಿ ವರ್ಣಿಸಿದ್ದಾಳೆ. ಲ್ಯಾಬಿಗೆ ಹೋಗಿ ನುಜತ್ ಉರ್ದು ನಿಘಂಟಿನಲ್ಲಿ ಅದೇ ಪದ ಹುಡುಕಿದಳು. "ಫೇಂಕ್ ದೇನಾ" ಎಂದಿತ್ತು, ಅಂದರೆ ಬಿಸಾಕು. ಕಸದ ಗಾಡಿ ಬಂದಾಗ ಅಮ್ಮ ದಿನಾ ಬೆಳಿಗ್ಗೆ ಕೂಗುವ ಮಾತು.

ಸಬಾ ಆ ಪತ್ರಿಕೆಯಲ್ಲಿ ಫೇಲಾದಳು. ಮರುಪರೀಕ್ಷೆಯಲ್ಲಿ ಪಾಸಾಗದಿದ್ದರೆ ಎರಡನೇ ವರ್ಷವಿಲ್ಲ, ಆಸ್ಪತ್ರೆಯ ತರಬೇತಿಯೂ ಇಲ್ಲ. ಅವಳ ಅಪ್ಪ ರಜಾಕ್ ಹರಿಹರದಲ್ಲಿ ಗಾದಿ ಅಂಗಡಿ ಇಟ್ಟವರು. ಕಾಲೇಜಿಗೆ ಬಂದು, ಯಾರನ್ನೂ ಕೇಳದೆ ಸೀದಾ ನುಜತ್‌ಳ ಲ್ಯಾಬಿಗೇ ಬಂದರು. ಉರ್ದುವಿನಲ್ಲಿ ಶುರುಮಾಡಿದರು, ಇವಳು ಕನ್ನಡದಲ್ಲಿ ಉತ್ತರಿಸಿದ್ದು ಕಂಡು ತಾವೂ ಕನ್ನಡಕ್ಕೆ ಬಂದರು.

"ಅವಳಿಗೆ ಓದು ಹತ್ತಂಗಿಲ್ಲ ಅಂತ ಕಾಣ್ತೈತೆ ಮೇಡಂ. ಬ್ಯಾಡ ಬಿಡ್ರಿ, ಅಂಗಡಿಯಾಗ ಕೂಡಿಸ್ತೀನಿ. ನೀವು ಏನೂ ಅನ್ಕೋಬ್ಯಾಡ್ರಿ. ನಮ್ಮೋರು ಒಬ್ರು ಅದಾರೆ ಅಂತ್ಲೇ ಈ ಕಾಲೇಜಿಗೆ ಹಾಕಿದ್ವಿ. ನಿಮ್ಮ ಕೈಲಾದ್ದು ನೀವು ಮಾಡಿರ್ತೀರಿ."

ಬೈದಿದ್ದರೆ ಎಷ್ಟೋ ವಾಸಿಯಿತ್ತು. ನುಜತ್‌ಗೆ ಅವರನ್ನು ಕೂಡ್ರಿ ಅನ್ನಲೂ ತೋಚಲಿಲ್ಲ.

ಮರುದಿನ ಕೊಟ್ಟೂರೇಶ್ ಸರ್ ಮುಂದೆ ನಿಂತಳು. ಬಂದರೆ ಬರಲಿ ಎಂದು ಎಲ್ಲ ಪ್ರಶ್ನೆಗೂ ಉತ್ತರ ಕಟ್ಟಿಕೊಂಡು ಹೋಗಿದ್ದಳು.

"ಸರ್, ಮರುಪರೀಕ್ಷೆಗೆ ಉರ್ದು ನಿಘಂಟನ್ನೂ ಬಿಡಬೇಕು ಅಂತಿದ್ದೇನೆ."

"ಬಿಡ್ರಿ. ಅದಕ್ಕ ನನ್ನ ಯಾಕ ಕೇಳ್ತೀರಿ?" ಸರ್ ಪೇಪರಿನಿಂದ ತಲೆ ಎತ್ತಿದರು. "ಹೋದ ಸಲ ಬಿಟ್ಟಿರ್ಲಿಲ್ಲೇನು?"

"ಇಲ್ಲ ಸರ್."

"ಮರ್ತಿರ್ಬೇಕು, ಆಗ್ತೈತೆ ಬಿಡ್ರಿ."

ಕಟ್ಟಿಕೊಂಡು ಹೋದ ಉತ್ತರಗಳೆಲ್ಲ ಹಾಗೇ ಉಳಿದವು. "ಹೌದು ಸರ್, ಮರೆತಿದ್ದೆ" ಎಂದಳು ನುಜತ್. ಮೊದಲನೇ ಸುಳ್ಳಾದರೂ ಹೆದರಿಕೆಗೆ ಹೇಳಿದ್ದು. ಇದನ್ನು ಯಾತಕ್ಕೆ ಹೇಳಿದಳೋ ಅವಳಿಗೇ ತಿಳಿಯಲಿಲ್ಲ.

ಭಾನುವಾರ ಹರಿಹರದ ಬಸ್ ಹತ್ತಿದಳು. ಸಬಾಗೆ ಹೇಗೆ ಹೇಳುವುದು ಎಂದು ದಾರಿಯುದ್ದಕ್ಕೂ ಮಾತು ಜೋಡಿಸಿದಳು. ನಡುವಿನ ಬಾತಿ ಊರು ದಾಟುವ ಹೊತ್ತಿಗೆ ಜೋಡಿಸಿದ್ದೆಲ್ಲ ಕಳಚಿಹೋಗಿತ್ತು.

ಅಂಗಡಿಯಲ್ಲಿ ಸಬಾ ಗಾದಿಗೆ ಹೊಲಿಗೆ ಹಾಕುತ್ತಿದ್ದಳು, ತಲೆಯ ಮೇಲಿನ ದುಪಟ್ಟಾಗೆಲ್ಲ ಅರಳೆ ಮೆತ್ತಿತ್ತು. ರಜಾಕ್ "ಬರ್ರಿ ಮೇಡಂ, ಬರ್ರಿ" ಎಂದು ಹೊಸ ಗಾದಿಯ ಮೇಲೆಯೇ ಕೂಡಿಸಿ ಚಾ ತರಲು ಓಡಿದರು. ಉರ್ದುವಿನಲ್ಲಿ ಹೇಳಿಬಿಡಬೇಕೆಂದು ನುಜತ್ ಬಾಯಿ ತೆರೆದಳು. ಬಂದದ್ದು ಕನ್ನಡವೇ.

"ಸಾಫ್ಟ್‌ವೇರ್‌ಗೆ ಉರ್ದು ಹಿಡಿಸುತ್ತಿತ್ತು ಸಬಾ. ನಾನೇ ಬಿಡಲಿಲ್ಲ. ನಿನಗೆ ಸುಳ್ಳು ಹೇಳಿದೆ. ತಪ್ಪಾಯಿತು."

ಸಬಾ ಸೂಜಿ ನಿಲ್ಲಿಸಲಿಲ್ಲ. "ಗೊತ್ತಿತ್ತು ಮೇಡಂ" ಎಂದಳು. "ಫೋನಿನಾಗ ಉರ್ದು ಬರ್ತೈತೆ, ಕಂಪ್ಯೂಟರಿನಾಗ ಯಾಕ ಬರಂಗಿಲ್ಲ? ನಮ್ಮೋರಿಗೆ ಮಾಡಿದ್ರು ಅಂತ ನಿಮಗ ಮಾತು ಬರ್ತಿತ್ತು. ನಾನೇ ಕೇಳಬಾರದಿತ್ತು."

"ನೀನು ಕೇಳಿದ್ದು ಸರಿ ಇತ್ತಮ್ಮ! ನಾನು..."

"ಈಗ ನಾನೂ ಕನ್ನಡ ಓದ್ತಾ ಇದ್ದೀನಿ ಮೇಡಂ. ನಿಮ್ಮಂಗ ಮಾತಾಡೋದು ಕಲೀತೀನಿ."

ಅಷ್ಟರಲ್ಲಿ ರಜಾಕ್ ಚಾ ತಂದರು. ಮರುಪರೀಕ್ಷೆಗೆ ಕಳಿಸಲು ಅವರನ್ನು ಒಪ್ಪಿಸುವುದು ಕಷ್ಟವಾಗಲಿಲ್ಲ. ಮೇಡಂ ಖುದ್ದು ಅಂಗಡಿತನಕ ಬಂದರಲ್ಲ, ಅಷ್ಟೇ ಸಾಕಿತ್ತು ಅವರಿಗೆ. ಬಸ್ ಸ್ಟ್ಯಾಂಡಿನವರೆಗೆ ಬಂದು ಹತ್ತಿಸಿ ಹೋದರು. ಅವರು ತೋರಿಸಿದ ಒಂದೊಂದು ಮರ್ಯಾದೆಯೂ ನುಜತ್‌ಗೆ ಚುಚ್ಚಿತು.

ಮರುಪರೀಕ್ಷೆಯ ದಿನ ಎಲ್ಲರಿಗೂ ಕೇಳುವ ಹಾಗೆ ಹೇಳಿದಳು, ಕನ್ನಡ ನಿಘಂಟಿದೆ, ಉರ್ದು ನಿಘಂಟೂ ಇದೆ, ಬೇಕಾದವರು ತೆರೆಯಬಹುದು. ಯಾರೂ ಹುಬ್ಬೇರಿಸಲಿಲ್ಲ. ಕೊಟ್ಟೂರೇಶ್ ಸರ್ ಪಕ್ಕದ ಕುರ್ಚಿಯಲ್ಲಿ ಕೂತು ಫ್ಯಾನಿನ ವೇಗ ಸಾಲದೆಂದು ಗೊಣಗುತ್ತಿದ್ದರು.

ಸ್ವಲ್ಪ ಹೊತ್ತಿಗೆ ಸಬಾಳ ಪರದೆ ನಿಂತುಬಿಟ್ಟಿತು. ಒಂದು ಪದದ ಮೇಲೆ ಬಾಣದ ಗುರುತು ಅಲ್ಲಾಡದೆ ಕೂತಿತ್ತು. ನಿಘಂಟಿನ ಗುಂಡಿ ಪಕ್ಕದಲ್ಲೇ ಇತ್ತು. ಅವಳು ಅದನ್ನು ಒತ್ತಲಿಲ್ಲ. ಅಕ್ಕಪಕ್ಕ ನೋಡಿದಳು, ಪಕ್ಕದ ಹುಡುಗಿಯ ಪರದೆಯತ್ತ ಅಲ್ಲ, ತನ್ನ ಪರದೆಯನ್ನು ಯಾರಾದರೂ ನೋಡುತ್ತಿದ್ದಾರಾ ಅಂತ. ಆ ನೋಟ ನುಜತ್‌ಗೆ ಚೆನ್ನಾಗಿ ಗೊತ್ತಿತ್ತು. ಅಮ್ಮನ ಫೋನ್ ಬಂದಾಗಲೆಲ್ಲ ತಾನು ನೋಡುವ ನೋಟವೇ ಅದು.

ತಡೆಯಲಾಗಲಿಲ್ಲ. ಎದ್ದು ಅವಳ ಪಕ್ಕ ಹೋಗಿ ನಿಂತು, ಆ ಕಾಲೇಜಿನ ಗೋಡೆಗಳು ತನ್ನ ಬಾಯಲ್ಲಿ ಎಂದೂ ಕೇಳಿರದ ಮಾತಿನಲ್ಲಿ, ಇಡೀ ಹಾಲಿಗೆ ಕೇಳುವಷ್ಟು ಗಟ್ಟಿಯಾಗಿ ಹೇಳಿದಳು.

"ಡರ್ ನಕ್ಕೋ ಬೇಟೀ, ಖೋಲ್. ಮೈಚ್ ರಖೀ ಸೋ."

ಹೆದರಬೇಡ ಮಗಳೇ, ತೆಗೆ, ನಾನೇ ಇಟ್ಟಿರೋದು. ಒಂದಿಬ್ಬರು ತಲೆ ಎತ್ತಿ ನೋಡಿ ಮತ್ತೆ ಬರೆಯತೊಡಗಿದರು. ಆಕಾಶವೇನೂ ಕಳಚಿ ಬೀಳಲಿಲ್ಲ. ಇಷ್ಟೇನಾ? ಇಷ್ಟಕ್ಕೇ ಹೆದರಿ ಈ ಹುಡುಗಿಯನ್ನು ಫೇಲು ಮಾಡಿಸಿದೆನಾ?

ಸಬಾ ಎದ್ದು ನಿಂತಳು. ಮುಖ ಕೆಂಪಾಗಿತ್ತು. ಒಂದೊಂದು ಅಕ್ಷರವನ್ನೂ ಜೋಪಾನವಾಗಿ ಬಿಡಿಸಿ ಹೇಳಿದಳು.

"ಬೇಡ ಮೇಡಂ. ಧನ್ಯವಾದಗಳು. ನನಗೆ ಅರ್ಥವಾಗುತ್ತದೆ."

ಮಹಾಪ್ರಾಣ ತಪ್ಪಲಿಲ್ಲ. ಕೂತು ಮತ್ತೆ ಪರದೆ ನೋಡತೊಡಗಿದಳು. ಬಾಣದ ಗುರುತು ಅದೇ ಪದದ ಮೇಲೆ, ಅಲ್ಲಾಡದೆ ಕೂತಿತ್ತು.

ನುಜತ್ ತನ್ನ ಕುರ್ಚಿಗೆ ವಾಪಸು ಬಂದಾಗ ಕೊಟ್ಟೂರೇಶ್ ಸರ್ ಅವಳತ್ತ ವಾಲಿ ಪ್ರೀತಿಯಿಂದ ಪಿಸುಗುಟ್ಟಿದರು. "ಹರಿಹರದ ಹುಡ್ಗಿ ಅಲ್ವೇನ್ರಿ ಅದು? ಏನ್ ಕನ್ನಡ ಕಲ್ತಾಳ ಮೇಡಂ! ಗೊತ್ತೇ ಆಗಲ್ಲ ನೋಡ್ರಿ. ಎಲ್ಲಾ ನಿಮ್ಮ ತರಬೇತಿ."

ಈ ಸಲ ಅವಳಿಗೆ ಥ್ಯಾಂಕ್ಸ್ ಅನ್ನಲು ಬಾಯಿ ಬರಲಿಲ್ಲ.

"ಹೌದು ಸರ್" ಎಂದಳು. "ನಂದೇ."

ಸಬಾ ಆ ಪರೀಕ್ಷೆಯಲ್ಲಿ ಹೇಗೋ ಪಾಸಾದಳು. ಉರ್ದು ನಿಘಂಟನ್ನು ಮಾತ್ರ ಕೊನೆಯವರೆಗೂ ತೆರೆಯಲಿಲ್ಲ.