ಅಪ್ಪಯ್ಯನ ಹೆಸರಿಲ್ಲದ ಫೈಲುಗಳು

ಒಂದು ಕೀ ಒತ್ತಿ ‘ನೋಟ್‌ಪ್ಯಾಡ್’ ಎಂದು ಟೈಪಿಸಿದರೆ ಖಾಲಿ ಪುಟ ಬರುತ್ತದೆಂದು ಮಗಳು ಇವತ್ತು ತೋರಿಸಿದಳು. ನನಗೆ ನಮ್ಮೂರು ವಂಡ್ಸೆಯ ಮನೆಯ ಹಳೇ ಕಂಪ್ಯೂಟರ್ ನೆನಪಾಯಿತು.

ಅಪ್ಪಯ್ಯನಿಗೆ ಹೊಸ ಫೈಲು ಮಾಡಲಷ್ಟೇ ಬರುತ್ತಿತ್ತು, ಹಳೆಯದನ್ನು ತೆರೆಯಲು ಬಾರದು. ಅಜ್ಜಿ ಎಲೆಯಡಿಕೆ ಜಗಿಯುತ್ತ ಶೋಭಾನೆ ಹಾಡು ಹೇಳಿದರೆ, ಅಪ್ಪಯ್ಯ ಒಂದೇ ಬೆರಳಲ್ಲಿ ಕುಟ್ಟಿ ದಿನಕ್ಕೊಂದು ಸಾಲು, ಸಾಲಿಗೊಂದು ಹೆಸರಿಲ್ಲದ ಫೈಲು ಮಾಡಿಡುತ್ತಿದ್ದರು. ಅಜ್ಜಿ ತೀರಿಕೊಂಡ ಮೇಲೆ ಒಂದು ದಿನ ನಾನು ಅವನ್ನೆಲ್ಲ ಅಳಿಸಿಹಾಕಿದೆ.

“ಅಪ್ಪಯ್ಯ, ಕಸ ಎಲ್ಲ ತೆಗ್ದೆ ಕಾಣಿ!” ಎಂದು ಜಂಬದಿಂದ ಕರೆದೆ.

ಅವರು ಬೈಯಲಿಲ್ಲ. “ಅಡ್ಡಿಲ್ಲ ಮಗಾ, ಹೊಸ್ತ್ ಮಾಡುಕ್ ನಂಗ್ ಬತ್ತಲ್ದಾ,” ಎಂದು ಹೊಸ ಫೈಲು ತೆರೆದು ಕೂತರು. ಬೆರಳು ಮಾತ್ರ ಕೀಲಿಮಣೆಗೆ ಇಳಿಯಲೇ ಇಲ್ಲ.

“ಎಂತ ಬರಿಯುದ್ ಅಮ್ಮ?” ಎಂದಳು ಖಾಲಿ ಪುಟದ ಮುಂದೆ ಕೂತಿದ್ದ ಮಗಳು. ಅಜ್ಜಿಯ ಹಾಡು ಎನ್ನೋಣವೆಂದರೆ ಒಂದು ಸಾಲೂ ಗೊತ್ತಿಲ್ಲ. ಅಳಿಸುವ ಮುಂಚೆ ಒಂದು ಫೈಲನ್ನಾದರೂ ತೆರೆದು ಓದಿರಲಿಲ್ಲ.