ಕಟ್ಟೆಯ ಒಡಲಿನ ಒಣಮಣ್ಣು

ಬೀರಪ್ಪನ ಕುರಿಹಿಂಡನ್ನು ಕಟ್ಟೆಯ ಕೆಲಸದಿಂದ ಬಿಡಿಸಿ ನನ್ನ ಹೊಲಕ್ಕೆ ಕರೆಸಿಕೊಂಡವನು ನಾನು. ಅವನು ಆಸೆಗೆ ಬಿದ್ದು ಊರ ಕೆಲಸಕ್ಕೆ ಕೈಕೊಟ್ಟ ಎಂದು ಇಷ್ಟು ವರ್ಷ ನೀವೆಲ್ಲ ನಂಬಿಕೊಂಡು ಬಂದಿದ್ದೀರಿ. ಅದು ಸುಳ್ಳು. ಆ ಸುಳ್ಳು ನನ್ನ ಬಾಯಿಂದ ಬಂದದ್ದು — ಚಾವಡಿಯಲ್ಲಿ, ಹಾಡುಹಗಲು, ನಿಮ್ಮೆಲ್ಲರ ಎದುರಿಗೆ.

ಆ ದೊಡ್ಡ ಯುದ್ಧ ಶುರುವಾಗುವುದಕ್ಕೆ ಮೊದಲಿನ ಮಾತು. ಹಾಲಹರವಿಯ ಕಡೆಯ ನಮ್ಮೂರಿಗೆ ಜನಕ್ಕೂ ದನಕ್ಕೂ ಕುಡಿಯಲು ಇದ್ದದ್ದು ಊರ ಮೇಲಿನ ಕುಂಟೆಯ, ಆ ಸಣ್ಣ ಕೆರೆಯ, ನೀರೊಂದೇ. ಅದರ ಕಟ್ಟೆ ಸವೆದು ಕುಳಿತಿತ್ತು. ಮಳೆಗೆ ಮೊದಲು ಊರೆಲ್ಲ ಸೇರಿ ಅದನ್ನು ಎತ್ತರಿಸುವುದು ಎಂದು ಮಾತಾಯಿತು. ಮುಂದಾಳುತನ ನನ್ನ ಪಾಲಿಗೆ ಬಂತು. ಯಾವ ಓಣಿಯ ಗಾಡಿಗಳು ಯಾವ ವಾರ ಮಣ್ಣು ತರಬೇಕು, ಯಾವ ಮನೆಯ ಹೆಂಗಸರು ನೀರು ಹೊರಬೇಕು, ಊಟ ಯಾರದು — ಎಲ್ಲವನ್ನೂ ನಾನು ಕೂತಲ್ಲೇ ಗೊತ್ತುಮಾಡಿ ಹೇಳಿದೆ. ಚಾವಡಿಯಲ್ಲಿ ಹಿರಿಯರು ತಲೆದೂಗಿದರು. ನಾನು ಉಬ್ಬಿಹೋದೆ. ಆ ಉಬ್ಬನ್ನು ಈಗ ನೆನೆದರೆ ಮೈಯೆಲ್ಲ ಉರಿಯುತ್ತದೆ.

ನಮ್ಮ ಕಡೆ ಕಟ್ಟೆಯ ಮಣ್ಣನ್ನು ಕುರಿ ತುಳಿಸಿ ಗಟ್ಟಿ ಮಾಡುತ್ತಾರೆ, ನಿಮಗೆ ಗೊತ್ತೇ ಇದೆ. ಒಂದು ಪದರ ಮಣ್ಣು ಹರಡಬೇಕು, ಕೊಡದಿಂದ ನೀರು ಚಿಮುಕಿಸಬೇಕು, ಅದರ ಮೇಲೆ ಹಿಂಡನ್ನು ಹಿಂದೆ ಮುಂದೆ ಓಡಾಡಿಸಬೇಕು. ಸಣ್ಣ ಗೊರಸು ಹೆಂಟೆಗಳನ್ನೆಲ್ಲ ಪುಡಿ ಮಾಡಿ ಮಣ್ಣನ್ನು ಕೂಡಿಸುತ್ತದೆ. ಆಮೇಲೆ ಮೇಲಿನ ಪದರ. ಹಿಂಡು ಬೀರಪ್ಪನದು. ಅವನು ಕಟ್ಟೆಯ ಮಗ್ಗುಲಲ್ಲೇ ಹಟ್ಟಿ ಹಾಕಿಕೊಂಡು, ದಿನವೂ ಬಿಸಿಲೇರುವ ಮೊದಲು ಹಿಂಡನ್ನು ಹತ್ತಿಸುತ್ತಿದ್ದ.

ಕೆಲಸ ಚೆನ್ನಾಗಿಯೇ ನಡೆದಿತ್ತು — ನಾನು ಹೋಗಿ ನೋಡುತ್ತಿದ್ದಷ್ಟು ದಿನ. ಆಮೇಲೆ ನೋಡುವುದನ್ನು ಬಿಟ್ಟೆ. ಎಲ್ಲ ಗೊತ್ತುಮಾಡಿ ಆಗಿದೆಯಲ್ಲ, ಇನ್ನೇನು ನೋಡುವುದು ಎಂದುಕೊಂಡೆ. ಮುಗಿಲಲ್ಲಿ ಮೋಡ ಕಾಣತೊಡಗಿತು. ಹಳ್ಳದಾಚೆಯ ನನ್ನ ಹತ್ತಿ ಹೊಲಕ್ಕೆ ಆ ವರ್ಷ ಗೊಬ್ಬರ ಬಿದ್ದಿರಲಿಲ್ಲ. ಬಿತ್ತುವ ಮೊದಲು ಒಂದೆರಡು ರಾತ್ರಿ ಅಲ್ಲಿ ಕುರಿ ಮಲಗಿದರೆ ಹಿಕ್ಕೆ, ಗಂಜಲ ಬಿದ್ದು ಹೊಲ ಎದ್ದುಕೊಳ್ಳುತ್ತಿತ್ತು. ಬೀರಪ್ಪನನ್ನು ಕರೆದೆ. ಅವನು ಒಪ್ಪಲಿಲ್ಲ.

“ಕಟ್ಟಿ ಕೆಲ್ಸ ಹೆಂಗ್ರಿ ಗೌಡ್ರ? ನಾ ಹಳ್ಳದಾಚಿಗ ಹೋದ್ರ ಇಲ್ಲಿ ತುಳಿಯಾಕ ಯಾರದಾರ?” ಎಂದ.

“ಮಣ್ಣು ಬರಾಂಗಿಲ್ಲ ಬಿಡಲೇ. ಗಾಡಿಯವ್ರಿಗೆ ನಾ ಹೇಳ್ತೀನಿ. ನೀ ಹಿಂಡು ಹೊಡ್ಕಂಡು ಹೋಗು,” ಎಂದೆ.

ಅವನು ಹೋದ. ನಾನು ಗಾಡಿಯವರಿಗೆ ಹೇಳಲಿಲ್ಲ. ಹೇಳಬೇಕೆಂದೇ ಇದ್ದೆ — ಆದರೆ ಆ ಬೆಳಿಗ್ಗೆ ಬೀಜ ತರಲು ಆದೋನಿಗೆ ಹೊರಟ ಬಂಡಿ ಸಿಕ್ಕಿತು, ಹತ್ತಿ ಕೂತೆ. ದಾರಿಯಲ್ಲಿ ಯಾರಾದರೂ ಸಿಕ್ಕರೆ ಹೇಳಿಕಳಿಸಿದರಾಯಿತು ಎಂದುಕೊಂಡೆ. ಯಾರೂ ಸಿಗಲಿಲ್ಲ. ಆದೋನಿಯ ಪೇಟೆಯ ಗದ್ದಲದಲ್ಲಿ ಕಟ್ಟೆಯೂ ನೆನಪಾಗಲಿಲ್ಲ, ಗಾಡಿಯವರೂ ನೆನಪಾಗಲಿಲ್ಲ. ಪರಿಚಯದವರ ಮನೆಯಲ್ಲಿ ಉಂಡು ಮಲಗಿ, ಮಾರನೆಯ ದಿನವೂ ಅಲ್ಲೇ ಉಳಿದೆ.

ಇತ್ತ ಊರಿನಲ್ಲಿ ಎಲ್ಲರೂ ತಮ್ಮ ತಮ್ಮ ಪಾಲಿನ ಕೆಲಸ ಮಾಡಿದರು. ಸರದಿಯ ಗಾಡಿಗಳು ಮಣ್ಣು ಸುರಿದು ಹೋದವು. ಹೆಂಗಸರು ಬಂದು ನೋಡಿದರು, ತುಳಿಯುವ ಕುರಿಯೇ ಇಲ್ಲದ ಮೇಲೆ ನೀರೇಕೆ ಎಂದು ಕೊಡ ಹೊತ್ತು ಮನೆಗೆ ತಿರುಗಿದರು. ಒಣ ಹೆಂಟೆಯ ಮೇಲೆ ಒಣ ಹೆಂಟೆ ಬಿತ್ತು. ಇದೇನಾಗುತ್ತಿದೆ ಎಂದು ಇಡೀ ಕಟ್ಟೆಯನ್ನು ನೋಡಬೇಕಾದವನು ಒಬ್ಬನೇ ಇದ್ದ. ಅವನು ಆದೋನಿಯಲ್ಲಿ ಬೀಜ ಆರಿಸುತ್ತಿದ್ದ.

ನಾನು ಬರುವ ಹೊತ್ತಿಗೆ ಬೀರಪ್ಪ ಹಿಂಡಿನೊಂದಿಗೆ ಮರಳಿ, ಮೇಲಿನ ಹೊಸ ಪದರವನ್ನು ತುಳಿಸುತ್ತಿದ್ದ. ಅಡಿಯಲ್ಲಿ ಏನಿದೆ ಎಂದು ಅವನಿಗೆ ತಿಳಿಯದು. ಮಣ್ಣು ಬರುವುದಿಲ್ಲ ಎಂದು ನಾನೇ ಹೇಳಿದ್ದೆನಲ್ಲ. ನಾನು ಕಟ್ಟೆಯ ಪಕ್ಕೆಗೆ ಹೋಗಿ ನಿಂತೆ. ಕಪ್ಪು ಮಣ್ಣಿನ ನಡುವೆ ಬೂದಿಬಣ್ಣದ ಒಂದು ಪಟ್ಟೆ. ಕೈಯಲ್ಲಿದ್ದ ಕೋಲನ್ನು ಅಲ್ಲಿ ಚುಚ್ಚಿದೆ. ಅದು ಹಿಡಿಯವರೆಗೂ ಸಲೀಸಾಗಿ ಒಳಗೆ ಹೋಯಿತು.

ಆಗಲಾದರೂ ಕೂಗಬಹುದಿತ್ತು. ಬಗೆದು ತೆಗೆಸಿ, ಮತ್ತೆ ತುಳಿಸಬಹುದಿತ್ತು. ಸಮೀಪದಲ್ಲಿ ಎತ್ತು ಬಿಚ್ಚುತ್ತಿದ್ದ ಗಾಡಿಯವನೊಬ್ಬ, “ನಿನ್ನೆ ಕುರಿ ಬರ್ಲಿಲ್ರಿ. ಆದ್ರ ಕೆಲ್ಸ ನಿಲ್ಲಬಾರ್ದು ಅಂತ ನೀವೇ ಹೇಳಿದ್ರಲ್ಲ, ಹಾಕಿಬಿಟ್ವಿ,” ಎಂದ. ಅಗೆಸಿದರೆ ಯಾಕೆಂದು ಹೇಳಬೇಕಾಗುತ್ತಿತ್ತು. ಕುರಿ ಎಲ್ಲಿತ್ತು ಎಂದು ಹೇಳಬೇಕಾಗುತ್ತಿತ್ತು. ಮಳೆ ಬಿದ್ದರೆ ತಾನೇ ಕೂಡಿಕೊಳ್ಳುತ್ತದೆ ಎಂದು ನನಗೆ ನಾನೇ ತಿಪ್ಪೆ ಸಾರಿಸಿಕೊಂಡೆ. ಕೋಲು ಕಿತ್ತುಕೊಂಡು, ಆ ತೂತನ್ನು ಕಾಲಿನಿಂದ ಒತ್ತಿ ಮುಚ್ಚಿದೆ.

ಮೊದಲ ದೊಡ್ಡ ಮಳೆಗೆ ಕುಂಟೆ ತುಂಬಿತು. ಊರೆಲ್ಲ ನೋಡಲು ಹೋಯಿತು, ನಾನು ಹೋಗಲಿಲ್ಲ. ಸಂಜೆಯೊಳಗೆ ಕಟ್ಟೆ ಸರಿಯಾಗಿ ಅದೇ ಪಟ್ಟೆಯಲ್ಲಿ ಬಾಯಿಬಿಟ್ಟಿತು. ನೀರೆಲ್ಲ ಹಳ್ಳದ ಪಾಲಾಯಿತು.

ಚಾವಡಿಯಲ್ಲಿ ಬೀರಪ್ಪನನ್ನು ನಿಲ್ಲಿಸಿ ಕೇಳಿದರು. ಅವನು ಹೆದರಲಿಲ್ಲ, ಹೆದರಲು ಏನಿತ್ತು! “ಗೌಡ್ರು ಕರೆದ್ರು, ಹ್ವಾದೆ. ಮಣ್ಣು ಬರಾಂಗಿಲ್ಲ ಅಂದ್ರು. ಅಲ್ಲೇ ಕುಂತಾರಲ್ಲ, ಕೇಳ್ರಿ,” ಎಂದ. ಎಲ್ಲರೂ ನನ್ನ ಕಡೆ ತಿರುಗಿದರು. ಹೌದು ಎನ್ನುವುದಕ್ಕೆ ಎಷ್ಟು ಹೊತ್ತು ಬೇಕು? ಆ ಒಂದು ಮಾತಿಗೆ ನನ್ನ ನಾಲಿಗೆ...

“ಅವನಾಗಿ ಬಂದ. ನಾನು ಕರೀಲಿಲ್ಲ. ನಾ ಆದೋನ್ಯಾಗ ಇದ್ದೆ,” ಎಂದೆ.

ಆದೋನಿಯಲ್ಲಿ ಇದ್ದದ್ದು ನಿಜ. ಆ ನಿಜವೇ ನನ್ನ ಸುಳ್ಳಿಗೆ ಊರುಗೋಲಾಯಿತು. ಬೀರಪ್ಪ ನನ್ನ ಮುಖವನ್ನೇ ನೋಡಿದ. ಇನ್ನು ಮುಂದೆ ಊರಲ್ಲಿ ಯಾರೂ ಅವನ ಹಿಂಡನ್ನು ಹೊಲದಲ್ಲಿ ನಿಲ್ಲಿಸಕೂಡದು ಎಂದು ತೀರ್ಮಾನವಾಯಿತು. ಕುರಿ ನಿಲ್ಲಿಸಿದ್ದಕ್ಕೆ ಸಿಗುವ ಜೋಳವೇ ಅವನ ಮನೆಯ ರೊಟ್ಟಿ. ಅವನು ಹೆಂಡತಿ ಮಕ್ಕಳನ್ನು ಕರೆದುಕೊಂಡು, ಹಿಂಡು ಹೊಡೆದುಕೊಂಡು, ಹೊಳೆದಂಡೆಯ ನಾಗಲದಿನ್ನೆಯ ಕಡೆ ಹೊರಟುಹೋದ.

ಮುಂದಿನ ಬೇಸಿಗೆಯೆಲ್ಲ ನಮ್ಮ ಹೆಂಗಸರು ನೀರಿಗೆ ಪಕ್ಕದೂರಿಗೆ ನಡೆದರು. ನನ್ನ ಹೆಂಡತಿಯೂ ನಡೆದಳು. ಕೊಡ ಇಳಿಸುವಾಗೆಲ್ಲ, “ಆ ಬೀರಪ್ಪನ ಬಾಯಾಗ ಮಣ್ಣು ಬೀಳ್ಲಿ” ಎಂದು ಶಪಿಸುತ್ತಿದ್ದಳು. ನಾನು ಅವಳು ತಂದ ನೀರು ಕುಡಿದು ಸುಮ್ಮನಿರುತ್ತಿದ್ದೆ. ಆ ವರ್ಷ ನನ್ನ ಹತ್ತಿ ಚೆನ್ನಾಗಿ ಬಂತು, ಅದನ್ನೂ ಹೇಳಿಬಿಡುತ್ತೇನೆ.

ಹೋದ ಯುಗಾದಿ ಕಳೆದ ಮೇಲೆ ನಾಗಲದಿನ್ನೆಗೆ ಹೋಗಿದ್ದೆ. ಬೀರಪ್ಪ ಮುದುಕನಾಗಿದ್ದಾನೆ, ಹಿಂಡು ಸಣ್ಣದಾಗಿದೆ. ಕೂರಲು ಕಂಬಳಿ ಹಾಸಿದ, ತಂಬಿಗೆಯಲ್ಲಿ ನೀರು ಕೊಟ್ಟ. ನಾನು ಎಲ್ಲವನ್ನೂ ಹೇಳಿದೆ — ಕೋಲು ಚುಚ್ಚಿದ್ದು, ತೂತು ಮುಚ್ಚಿದ್ದು. ಹೇಳಿದ ಮೇಲೆ ಹಗುರಾಗುತ್ತದೆ ಎಂದು ಆಸೆಪಟ್ಟಿದ್ದೆ.

“ನೀವು ಕರೆದಿದ್ದು ನನಗ ಗೊತ್ತಿಲ್ಲೇನ್ರಿ?” ಎಂದ ಅವನು. “ಅದನ್ನ ನನಗ ಹೇಳಾಕ ಇಷ್ಟು ದೂರ ಬಂದ್ರೇನು? ಗೊತ್ತಿಲ್ಲದೋರು ಊರಾಗ ಅದಾರ. ಅವ್ರಿಗೆ ಹೇಳ್ರಿ.”

ಅಷ್ಟು ಹೇಳಿ ಕುರಿಗಳ ಕಡೆ ಎದ್ದುಹೋದ. ನಾನು ಊರಿಗೆ ಬಂದೆ. ಬಂದವನು ಅಂದೇ ಹೇಳಿದೆನೇ? ಇಲ್ಲ. ಇವತ್ತು, ನಾಳೆ ಎನ್ನುತ್ತ ಸುಗ್ಗಿಯನ್ನೂ ಕಳೆದೆ. ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ಈಗ ಮತ್ತೆ ಕಟ್ಟೆ ಎತ್ತರಿಸುವ ಮಾತು ಎದ್ದಿದೆ. ನಿನ್ನೆ ನೀವು ನಾಲ್ಕು ಜನ ಮನೆಗೆ ಬಂದು, “ಆವತ್ತು ನೀವು ಗೊತ್ತುಮಾಡಿದ್ದು ಎಲ್ಲ ಸರಿನೇ ಇತ್ರಿ ಗೌಡ್ರ, ಆ ಕುರುಬ ಕೆಡಿಸಿದ. ಈ ಸಲಾನೂ ನೀವೇ ನಿಲ್ಲಬೇಕು,” ಎಂದಿರಿ. ನನಗೆ ಸಿಟ್ಟು ಬಂತು — ನಿಮ್ಮ ಮೇಲೆ, ನನ್ನ ಮೇಲೆ, ಒಮ್ಮೆ ತಲೆದೂಗಿದರೆ ಮುಂದೆ ಯಾವುದನ್ನೂ ಹೋಗಿ ನೋಡದ ನಮ್ಮೆಲ್ಲರ ಬುದ್ಧಿಯ ಮೇಲೆ. ಕಟ್ಟೆ ಒಡೆದ ಮೇಲೆ ನಿಮ್ಮಲ್ಲಿ ಒಬ್ಬರಾದರೂ ಇಳಿದು ಆ ಪಟ್ಟೆಯನ್ನು ಮುಟ್ಟಿ ನೋಡಲಿಲ್ಲ. ಆದರೆ ನಿಮ್ಮನ್ನು ಬೈಯಲು ನನಗೆ ಬಾಯಿಲ್ಲ. ನೋಡಿದವನು ನಾನು, ಮುಚ್ಚಿದವನೂ ನಾನು.

ಇಂದು ಸಂಜೆ ಚಾವಡಿಗೆ ಬರುತ್ತೇನೆ. ಮುಂದಾಳಾಗಲು ಅಲ್ಲ. ಬೀರಪ್ಪ ನಿಂತಿದ್ದ ಜಾಗದಲ್ಲಿ ನಿಲ್ಲುತ್ತೇನೆ. ಇದನ್ನು ಬರೆದದ್ದು ಮತ್ತೆ ನಾಲಿಗೆ ಹೊರಳದಿದ್ದರೆ ಯಾರ ಕೈಗಾದರೂ ಕೊಟ್ಟು ಓದಿಸಲು. ಆದರೆ ಓದಿಸುವ ಹಾಗೆ ಆಗಬಾರದು. ಅಂದು ಹೇಳಬೇಕಾಗಿದ್ದ ಮಾತು ಬಹಳ ಚಿಕ್ಕದು: ಅವನಾಗಿ ಬರಲಿಲ್ಲ, ನಾನೇ ಕರೆದೆ.